ಎಪ್ಪತ್ತೆಂಟರ ತಗ್ಗು

ಮಂಚೇನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ
ಮೋಟಾರ್ ರಿವೈಂಡಿಂಗ್ ಅಂಗಡಿ ನನ್ನದು. ಹೆಸರು ಇನಾಯತ್.
ತಾಮ್ರದ ತಂತಿ ಸುತ್ತಿ ಸುತ್ತಿ
ಹೆಬ್ಬೆರಳಿನ ಗೆರೆಯೆಲ್ಲ ಸವೆದು
ರೇಷನ್ ಅಂಗಡಿಯ ಮಿಷನ್ನು
ನಾನು ನಾನೇ ಅಂತ ಒಪ್ಪೋದಿಲ್ಲ.

ಆ ಚಳಿಗಾಲ ಚಾರುಮತಿ ಮೇಡಂ ಕೆರೆಗೆ ತೆಪ್ಪ ತಂದರು.
ತೆಪ್ಪದ ಮೇಲೆ ಆಲಿಕೆಯಂಥ ಆಂಟೆನಾ.
ನೆಲದ ಮೇಲಿಟ್ಟರೆ ಅಡಿಯ ಬಂಡೆ ಒಂದು ಹೇಳುತ್ತೆ,
ಮಣ್ಣು ಇನ್ನೊಂದು.
ನೀರಾದರೆ ಒಂದೇ ಮಾತಂತೆ.

"ಏನು ಹಿಡಿಯಕ್ಕೆ?" ಅಂದ ಹರಿಗೋಲಿನ ಪೋತಲಪ್ಪ.
"ಮೊದಲ ನಕ್ಷತ್ರ ಹೊತ್ತಿಕೊಂಡಾಗ
ಸುತ್ತಲಿನ ಹೈಡ್ರೋಜನ್ನು ಒಂದಿಷ್ಟು ರೇಡಿಯೋ ಅಲೆ ನುಂಗಿತು.
ನುಂಗಿದ ಜಾಗದಲ್ಲಿ ಒಂದು ತಗ್ಗು.
ಸಾವಿರದ ಮುನ್ನೂರು ಕೋಟಿ ವರ್ಷದಿಂದ
ನಮ್ಮ ಕಡೆ ಬರ್ತಾನೇ ಇದೆ."
ಪೋತಲಪ್ಪ ಬೀಡಿ ಆರಿಸಿದ:
"ಜಿಲೇಬಿ ಮೀನಾದ್ರೆ ಇವತ್ತೇ ಸಿಗ್ತಾವೆ."

ದೂರದ ಮರುಭೂಮಿಯಲ್ಲಿ ಯಾರೋ ಅದನ್ನು ಕಂಡಿದ್ದರಂತೆ,
ಎಪ್ಪತ್ತೆಂಟು ಮೆಗಾಹರ್ಟ್ಸ್ ಹತ್ತಿರ,
ಇರಬೇಕಾದ್ದಕ್ಕಿಂತ ಎರಡರಷ್ಟು ಆಳ.
ನಿಜವಾ? ನೋಡಬೇಕು.
ಅದಕ್ಕೆ ಕೆರೆ. ಕೆರೆ ಸುತ್ತ ಸದ್ದಡಗಿಸೋದಕ್ಕೆ ನಾನು.

ಕಿವಿಗೆ ಕೇಳುವ ಸದ್ದಲ್ಲ ಇದು.
ಮೀನಿನ ಮುಳ್ಳಿನಂಥ ಆಂಟೆನಾ ಹಿಡಿದು ರಾತ್ರಿಯೆಲ್ಲ ಅಲೆದೆ:
ಅಂಗನವಾಡಿಯ ಟ್ಯೂಬ್‌ಲೈಟ್ ಚೋಕು,
ದ್ರಾಕ್ಷಿ ತೋಟದ ಬೇಲಿಯ ಕರೆಂಟು,
ಮದುವೆಮನೆಯ ಸೀರಿಯಲ್ ಸೆಟ್ಟಿಗೆ ಸಿಕ್ಕಿಸಿದ
ನೂರು ರೂಪಾಯಿಯ ಅಡಾಪ್ಟರು.
ಮದುಮಗಳ ಸೋದರಮಾವ ಕಾಲರ್ ಹಿಡಿದ:
"ದೀಪ ಆರಿಸಬೇಕಾ? ಯಾವ ನಕ್ಷತ್ರಕ್ಕೋ?"
ಯಾವಾಗಲೋ ಸತ್ತಿರೋದಕ್ಕೆ ಅನ್ನಲಾರದೆ
ಕೈಯಿಂದ ದುಡ್ಡು ಹಾಕಿ ಬೇರೆ ಅಡಾಪ್ಟರ್ ತಂದುಕೊಟ್ಟು
ಎಲೆ ಮುಂದೆ ಕೂತು ಉಂಡು ಬಂದೆ.
ಉಲ್ಕೆ ಉರಿದರೂ ತೊಂದರೆಯೇ.
ಅದರ ಬಾಲಕ್ಕೆ ತಾಗಿ
ಸಾವಿರ ಮೈಲಿಯಾಚೆಯ ಯಾವುದೋ ಎಫ್‌ಎಂ ಜಾಹೀರಾತು
ಅರೆಗಳಿಗೆ ನಮ್ಮ ಕೆರೆಗೆ ಬಿದ್ದು ಹೋಗುತ್ತಿತ್ತು.

ಹನ್ನೊಂದನೇ ರಾತ್ರಿ ಪರದೆಯ ಮೇಲೆ ತಗ್ಗು.
ಎಪ್ಪತ್ತೆಂಟರಲ್ಲೇ.
ಹುಡುಗರು ಕುಣಿದರು, ಟೀ ಅಂಗಡಿಯವನನ್ನ ಎಬ್ಬಿಸಿದರು.
ಮೇಡಂ ಶಾಲು ಹೊದ್ದು ಕೂತೇ ಇದ್ದರು.
"ಇನಾಯತ್, ಎರಡು ಕಡೆ ಗುಡ್ಡ ಇದ್ದರೆ
ನಡುವಿನ ಬಯಲೂ ಕಣಿವೆ ಥರ ಕಾಣುತ್ತೆ.
ಗುಡ್ಡ ಹುಡುಕಿ."

ಒಂದು ನಮ್ಮದೇ ಕೇಬಲ್ಲಿನದು, ಸಡಿಲ ತಿರುಪು.
ಇನ್ನೊಂದು ಕೆರೆಯಾಚೆ, ಫಯಾಜ್ ಸಾಬರ ರೇಷ್ಮೆ ಫಿಲೇಚರ್‌ನಲ್ಲಿ.
ಗೂಡು ಬೇಯುವ ನಾತದೊಳಗೆ ನುಗ್ಗಿ ನೋಡಿದರೆ
ಕಿಡಿ ಉದುರಿಸುತ್ತ ತಿರುಗುವ ಮೋಟಾರು,
ಮೈಮೇಲೆ ಹಸಿರು ಪೇಂಟಿನಲ್ಲಿ ನನ್ನದೇ ಕೈಬರಹ:
ಗ್ಯಾರಂಟಿ ಆರು ತಿಂಗಳು.

ಸ್ವಿಚ್ಚಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ.
ಹೇಳದಿದ್ದರೆ ಯಾರಿಗೆ ಗೊತ್ತು?
ಪೇಪರಿನಲ್ಲಿ ಕೆರೆಯ ಹೆಸರು, ಹುಡುಗರ ಫೋಟೋ.
ಕೊಳಗದಲ್ಲಿ ಗೂಡುಗಳು ಒಂದನ್ನೊಂದು ತಳ್ಳುತ್ತ ಕುಣಿಯುತ್ತಿದ್ದವು.
ಆರಿಸಿದೆ. ನೂಲು ಕಡಿಯಿತು.
ಫಯಾಜ್ ಸಾಬ್ ನನ್ನ ತಾತನ ತನಕ ಬೈದರು.

ಬೆಳಗಿನ ಜಾವ ಗೆರೆ ಮಟ್ಟಸ,
ಕೊಯ್ದ ರಾಗಿ ಹೊಲದ ಹಾಗೆ.

"ಇಲ್ಲ" ಅಂತ ಬರೆದರು ಮೇಡಂ.
ಅಷ್ಟು ಹೇಳೋದಕ್ಕೆ ಇಪ್ಪತ್ತಾರು ಪುಟ,
ಇಲ್ಲ ಅನ್ನೋದು ಎಷ್ಟು ಖಚಿತ ಅನ್ನೋ ಲೆಕ್ಕ.
ಕೊನೆಯಲ್ಲಿ ಸಣ್ಣಕ್ಷರದ ನೆನಕೆ. ಪೋತಲಪ್ಪ ಇದ್ದಾನೆ,
ನಾನೂ ಇದ್ದೀನಿ, ಒಂದಕ್ಷರ ತಪ್ಪಾಗಿ.
ಮೋಟಾರಿಗೆ ಹೊಸ ಬ್ರಷ್ ಹಾಕಿಕೊಟ್ಟೆ.
ಗ್ಯಾರಂಟಿ ಮುಗಿದಿರಲಿಲ್ಲ, ಕಾಸು ಕೇಳಲಿಲ್ಲ.

ತೆಪ್ಪ ದಡಕ್ಕೆ ಎಳೆಯುವಾಗ ಪೋತಲಪ್ಪ ಕೇಳಿದ:
"ಏಮೀ ಪಡಲೇದಾ? ಇಷ್ಟು ದಿನ ಹಾಕಿ?"
"ಅಷ್ಟು ಆಳದ್ದು ಇಲ್ಲ," ಅಂದೆ.
"ಇನ್ನೂ ಚಿಕ್ಕದು ಇರಬಹುದು."
ಹಗ್ಗ ಹೆಗಲಿಗೆ ಸುತ್ತಿಕೊಳ್ಳುತ್ತ ಅವನು
ನೀರಿನ ಕಡೆ ಒಂದು ಸಲ ನೋಡಿದ.
"ಹಂಗಾದ್ರೆ ಸಣ್ಣ ಕಣ್ಣಿನ ಬಲೆ ಬೇಕು."